ಪಂಕ್ತಿ ಕಾಯುವ ಅಚ್ಯುತಾಚಾರ್ಯರು

ಕಮಲಾಪುರದ ನಮ್ಮ ಬೀದಿಗೆ ಕೇಟರಿಂಗ್‌ನವರು ಬಂದು ಎಷ್ಟೋ ವರ್ಷವಾದರೂ ಊಟದ ಪಂಕ್ತಿ ಕಾಯುವವರು ಅಚ್ಯುತಾಚಾರ್ಯರೇ. ಬಾಯಿಬಿಟ್ಟು ಜಾತಿ ಕೇಳುವವರಲ್ಲ. ಕೂತವರು ಎಲೆಗೆ ನೀರು ಸುತ್ತುವ ಬೆರಳು ನೋಡಿಯೇ ಮೂರು ತಲೆಮಾರು ಹೇಳಿಬಿಡುತ್ತಾರೆ. ಬೇರೆ ಜಾತಿಯವರೆಂದು ಗುರುತು ಸಿಕ್ಕಿತೋ, ಬೆನ್ನ ಹಿಂದೆ ಬಗ್ಗಿ, ಬೆಣ್ಣೆಯಂಥ ದನಿಯಲ್ಲಿ, “ಏಳ್ರಿ, ನಿಮ್ಮ ಎಲಿ ಹೊರಗ ಅದ” ಎನ್ನುತ್ತಾರೆ. ನಮಗೆಲ್ಲ ಬಾಳೆಎಲೆ ಕೊಯ್ದು ತರುತ್ತಿದ್ದ ಹೊನ್ನೂರಪ್ಪನನ್ನೂ ಒಮ್ಮೆ ಹಾಗೆಯೇ ಎಬ್ಬಿಸಿದರು. ಆತ ಕಲಸಿದ ತುತ್ತನ್ನು ಅಲ್ಲೇ ಬಿಟ್ಟು ಹೋದ. ಆತ ತೀರಿಕೊಂಡ ಮೇಲೆ ಆಚಾರ್ಯರು ಊಟಕ್ಕೆ ಕೂತು ತುತ್ತು ಕಲಸಿದಾಗಲೆಲ್ಲ ಬೆಚ್ಚಿ ಹಿಂದೆ ತಿರುಗಿ ನೋಡುತ್ತಾರೆ. ಬೆನ್ನ ಹಿಂದೆ ಬರೀ ಗೋಡೆ. “ಆತು ಹೊನ್ನೂರಪ್ಪಾ, ಏಳ್ತೀನಿ” ಎಂದು ಅಂಗಳಕ್ಕೆ ಹೋಗಿ, ಹೊರಗಿನವರ ಸಾಲಿನಲ್ಲಿ ಬೇರೆ ಎಲೆಗೆ ಕೂರುತ್ತಾರೆ. ತುತ್ತು ಬಾಯಿಗೆ ಹೋಗುವ ಮೊದಲೇ ಅಲ್ಲಿಂದಲೂ ಏಳುತ್ತಾರೆ.