ದನಿ ನುಂಗಿದ ಕೋಣೆ

ಹುಲಿಗೆಮ್ಮಕ್ಕನ ದನಿ ಹೋಗಿರಲಿಲ್ಲ. ಹೋಗಿದೆ ಎಂದು ಹೇಳಿದವನು ನಾನು. ಸುಳ್ಳೆಂದು ಗೊತ್ತಿದ್ದೂ ಹೇಳಿದೆ — ಆಕೆಯ ಮುಖಕ್ಕೇ, ನನ್ನ ಮನೆಯಲ್ಲಿ ನಿಂತು. ಆಮೇಲೆ ಆಕೆ ಹಾಡುವುದನ್ನೇ ಬಿಟ್ಟಳು.

ಇದನ್ನು ನಾನು ಈವರೆಗೆ ಊರಿನವರ ಮುಂದೆ ಆಡಿಲ್ಲ. ಆಡಲು ಕೂತಾಗೆಲ್ಲ ಮಾತು ಬೇರೆ ಕಡೆ ಜಾರುತ್ತದೆ — ಆಗಿನ ಪರಿಸ್ಥಿತಿ, ಕ್ಯಾಸೆಟ್ ವ್ಯಾಪಾರಿಯ ಅವಸರ, ನನ್ನ ವಯಸ್ಸು... ಇರಲಿ. ಕೋಣೆಯಿಂದಲೇ ಶುರು ಮಾಡುತ್ತೇನೆ. ತಪ್ಪು ಶುರುವಾದದ್ದು ಅಲ್ಲಿಂದಲೇ.

ಕೊಟ್ಟೂರಿನಲ್ಲಿ ನಮ್ಮದು ಮೈಕ್ ಸೆಟ್ಟಿನ ಅಂಗಡಿ. ಅಪ್ಪನ ಕಾಲದಿಂದಲೂ ಸುತ್ತಮುತ್ತಲ ಊರುಗಳ ಮದುವೆ, ನಾಟಕ, ಸಭೆಗಳಿಗೆ ಮೈಕ್ ಕಟ್ಟಿಕೊಂಡು ಬಂದವರು ನಾವು. ತೊಂಬತ್ತರ ದಶಕದ ಕೊನೆ ಅದು. ಭಜನೆ ಪದ, ಸೋಬಾನೆ ಪದಗಳ ಕ್ಯಾಸೆಟ್ಟಿಗೆ ಇನ್ನೂ ಗಿರಾಕಿಗಳಿದ್ದ ಕಾಲ. ಆದರೆ ರೆಕಾರ್ಡಿಂಗ್ ಆಗಬೇಕೆಂದರೆ ನಮ್ಮ ಕಡೆಯ ಹಾಡುಗಾರರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಿತ್ತು. ನಮ್ಮ ಮನೆಯ ಹಿಂದೆ ಶೇಂಗಾ ಚೀಲ ಇಡುತ್ತಿದ್ದ ಕೋಣೆಯೊಂದು ಖಾಲಿ ಬಿದ್ದಿತ್ತು. ಅದನ್ನೇ ಸ್ಟುಡಿಯೋ ಮಾಡುತ್ತೇನೆಂದು ಹೊರಟೆ.

ಬರಿಗೋಡೆಯ ಕೋಣೆ, ಒಂದು ಮಾತಾಡಿದರೆ ನಾಲ್ಕು ಕಡೆಯಿಂದ ತಿರುಗಿ ಬರುತ್ತಿತ್ತು. ಗೋಡೆಗೆ ದನಿ ಹೀರುವ ಪ್ಯಾನೆಲ್ ಹಾಕಬೇಕು ಎಂಬಷ್ಟು ನನಗೆ ಗೊತ್ತಿತ್ತು. ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದೆ. ಅಲ್ಲಿದ್ದವನು ಎರಡು ಬಗೆ ತೋರಿಸಿದ. ಒಂದು, ಗಾಜಿನ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಹಲಗೆ, ಮೇಲೆ ಗೋಣಿಯಂಥ ಒರಟು ಬಟ್ಟೆ. ನೋಡಲು ಏನೂ ಇಲ್ಲ. ಇನ್ನೊಂದು ತೆಳ್ಳನೆಯ ಫೋಮ್ — ಕಪ್ಪು ಬಣ್ಣ, ಮೊಟ್ಟೆಯ ಟ್ರೇ ಹಾಗೆ ಸಾಲು ಸಾಲು ಉಬ್ಬು. ಪತ್ರಿಕೆಯ ಫೋಟೋಗಳಲ್ಲಿ ದೊಡ್ಡ ದೊಡ್ಡ ಗಾಯಕರ ಬೆನ್ನ ಹಿಂದೆ ಕಾಣುತ್ತಿದ್ದುದು ಅದೇ. ಅಂಗಡಿಯವನು ಸರಿಯಾಗಿಯೇ ಹೇಳಿದ: ಚಿಕ್ಕ ಕೋಣೆಗೆ ದಪ್ಪನೆಯದನ್ನು ಮೂಲೆಗಳಲ್ಲಿ ಹಾಕಿ, ಅಲ್ಲಲ್ಲಿ ಗೋಡೆ ಬರಿದೇ ಬಿಡಿ, ತೆಳು ಫೋಮನ್ನೇ ಎಲ್ಲ ಕಡೆ ಹಚ್ಚಿದರೆ ದನಿಯ ಮೇಲಿನ ಹೊಳಪನ್ನೆಲ್ಲ ಅದು ತಿಂದು ಕೆಳಗಿನ ಗುಂಯ್ ಅನ್ನುವುದನ್ನು ಮಾತ್ರ ಉಳಿಸುತ್ತದೆ. ನಾನು ತಲೆಯಾಡಿಸಿದೆ. ತಲೆಯಾಡಿಸಿ — ಫೋಮನ್ನೇ ಕೊಂಡೆ. ನಾಲ್ಕೂ ಗೋಡೆಗೆ, ಛತ್ತಿಗೆ, ಬಾಗಿಲಿನ ಒಳಮೈಗೂ ಹಚ್ಚಿಸಿದೆ. ಊರಿನವರು ಬಂದು ನೋಡಿ ಬೆರಗಾದರು. ನನಗೆ ಬೇಕಾಗಿದ್ದೂ ಅದೇ ಇರಬೇಕು.

ನನ್ನ ಹೆಂಡತಿ ಶಾರದಾ ಮೊದಲ ದಿನ ಒಳಗೆ ನಿಂತು, ಇಲ್ಲಿ ಮಾತಾಡಿದರೆ ಕಿವಿಗೆ ಅರಿವೆ ತುರುಕಿದ ಹಾಗಾಗುತ್ತದೆ ಎಂದಳು. ನಾನು ನಕ್ಕೆ. ಸ್ಟುಡಿಯೋ ಅಂದರೆ ಹಾಗೇ ಇರುತ್ತದೆ ಎಂದೆ.

ಹುಲಿಗೆಮ್ಮಕ್ಕ ಕೋಗಳಿಯವಳು. ಕಳೆ ತೆಗೆಯುವ ಹೆಂಗಸರ ಗುಂಪಿನ ಮುಂದಾಳು. ಹೊಲದ ಈ ಬದುವಿನಿಂದ ಆಕೆ ಎತ್ತಿದ ಸೊಲ್ಲು ಆ ಬದುವಿನ ತನಕ ಹೋಗುತ್ತಿತ್ತು. ಸುತ್ತಲಿನ ಮದುವೆಗಳಲ್ಲಿ ಸೋಬಾನೆಗೆ ಆಕೆಯೇ ಬೇಕು. ಉಳಿದ ಹೆಂಗಸರು ಆಕೆಯ ಹಿಂದೆ ಸೊಲ್ಲು ಹಿಡಿಯುವವರು ಅಷ್ಟೇ. ಇಡೀ ಪದ ಬರುತ್ತಿದ್ದುದು ಆಕೆಗೊಬ್ಬಳಿಗೆ. ಅವ್ವನಿಂದ ಕಲಿತ ಪದಗಳು, ಅವ್ವನೇ ಕಟ್ಟಿದವೂ ಕೆಲವು. ನನ್ನ ಸ್ಟುಡಿಯೋದ ಮೊದಲ ಕ್ಯಾಸೆಟ್ಟು ಆಕೆಯದೇ ಆಗಬೇಕೆಂದು ನಾನೇ ಕೋಗಳಿಗೆ ಹೋಗಿ ಕರೆದೆ. ದಾವಣಗೆರೆಯ ಕ್ಯಾಸೆಟ್ ವ್ಯಾಪಾರಿಯೊಬ್ಬರನ್ನೂ ಒಪ್ಪಿಸಿದ್ದೆ. ಬೆಂಗಳೂರಿನಲ್ಲಿ ಇಲ್ಲದಂಥ ಕೋಣೆ ಮಾಡಿದ್ದೇನೆ ಬನ್ನಿ ಎಂದು ಅವರ ಮುಂದೆ ಕೊಚ್ಚಿಕೊಂಡಿದ್ದೆ.

ಆಕೆ ಚಪ್ಪಲಿಯನ್ನು ಹೊರಗೇ ಬಿಟ್ಟು, ಗುಡಿಯೊಳಗೆ ಹೋಗುವಂತೆ ತಲೆ ತಗ್ಗಿಸಿ ಒಳಗೆ ಬಂದಳು. ಸುತ್ತ ನೋಡಿ ನಕ್ಕಳು. “ಇದೇನ್ ತಮ್ಮಾ, ಗ್ವಾಡಿಗೆಲ್ಲ ಹಾಸಿಗಿ ಹೊದಿಸಿ?”

ಹಾಡತೊಡಗಿದಳು. ಎರಡು ಸೊಲ್ಲಿಗೇ ನಿಂತಳು. ತನ್ನ ದನಿ ತನಗೇ ಕೇಳುತ್ತಿಲ್ಲ ಎಂದಳು. ಸಾವಿರ ಜನರ ನಡುವೆ, ಬಯಲಲ್ಲಿ, ಚಪ್ಪರದಡಿ ಹಾಡಿದವಳು — ಬಾಯಿಂದ ಹೊರಟದ್ದು ಗೋಡೆಯೊಳಗೆ ಇಂಗಿಹೋಗುವುದನ್ನು ಕಂಡು ಗಾಬರಿಯಾದಳು. ಇನ್ನಷ್ಟು ಜೋರಾಗಿ ಎತ್ತಿದಳು. ಜೋರಾದಷ್ಟೂ ಗಂಟಲು ಒಡೆಯಿತು. ನಾನು ಹೆಡ್‌ಫೋನಿನಲ್ಲಿ ಕೇಳುತ್ತಿದ್ದೆ. ಕೌದಿ ಹೊದ್ದು ಹಾಡಿದಂತೆ ಮಬ್ಬು. ಮೈಕಿನ ಜಾಗ ಬದಲಿಸಿದೆ, ಆಕೆಯನ್ನು ಹಿಂದೆ ಮುಂದೆ ನಿಲ್ಲಿಸಿದೆ. ಏನು ಮಾಡಿದರೂ ಅದೇ. ಬೆಳಗಿನಿಂದ ಮಧ್ಯಾಹ್ನದ ತನಕ ಹಾಗೂ ಹೀಗೂ ಪದಗಳನ್ನೆಲ್ಲ ಹಾಡಿಸಿ ತುಂಬಿಕೊಂಡೆ. ಅಂದು ಬಂದಿದ್ದ ವ್ಯಾಪಾರಿ ಕೇಳಿ ಮುಖ ಸಣ್ಣದು ಮಾಡಿ, ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದರು.

ಆಗಲೇ ಅದು ನಡೆದದ್ದು. ಹುಲಿಗೆಮ್ಮಕ್ಕ ನೀರು ಕುಡಿಯಲು ಹಿತ್ತಲಿಗೆ ಹೋಗಿದ್ದಳು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಶಾರದಾ, ಮದುಮಗಳನ್ನು ಕಳಿಸಿಕೊಡುವ ಪದ ಒಂದು ಸೊಲ್ಲು ಹೇಳಕ್ಕ ಎಂದು ಕೇಳಿರಬೇಕು. ತೆರೆದ ಬಾಗಿಲಿನಿಂದ ಆ ದನಿ ಬಂತು. ದಣಿದಿದ್ದರೂ ತುಂಬಿದ ದನಿ. ಕಲ್ಲಿನ ಗೋಡೆಗೆ ತಾಗಿ, ತಿರುಗಿ, ಮೇಲಕ್ಕೇರಿ... ನಾನು ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ಕೇಳುತ್ತ ನಿಂತೆ. ಕೆಟ್ಟದ್ದು ದನಿಯೋ ಕೋಣೆಯೋ ಎಂದು ನನಗೆ ಆ ಕ್ಷಣದಲ್ಲಿ ಚೆನ್ನಾಗಿ ಗೊತ್ತಾಯಿತು.

ವ್ಯಾಪಾರಿ ತಿರುಗಿ ಬಂದು ಕೇಳಿದರು, ದನಿಯಲ್ಲಿ ಜೀವವೇ ಇಲ್ಲವಲ್ಲ, ಕೋಣೆಯದೇನಾದರೂ ಐಬೋ ಎಂದು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ನಾಲ್ಕು ಫೋಮ್ ಕಿತ್ತು ಹಾಕಿ ಇನ್ನೊಂದು ದಿನ ಹಾಡಿಸಬಹುದಿತ್ತು. ಅವರ ಮುಂದೆ ನನ್ನ ಕೋಣೆ — ನಾನು ಅಷ್ಟು ಹೊಗಳಿಕೊಂಡ ಕೋಣೆ —

“ಕೋಣಿದಲ್ರೀ,” ಎಂದೆ. “ಅಕ್ಕನ ದನಿ ಹೋಗೇತ್ರಿ.”

ಆಕೆ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ನೀರಿನ ಚೊಂಬು. “ಹೌದೇನ್ ತಮ್ಮಾ?” ಎಂದಳು. ಜಗಳವಿಲ್ಲ, ಅನುಮಾನವಿಲ್ಲ, ಡಾಕ್ಟರನ್ನು ಕೇಳುವಂತೆ ಕೇಳಿದಳು.

“ಹೌದ್ರಿ ಅಕ್ಕ. ವಯಸ್ಸಾತಲ್ರಿ.”

ಚೊಂಬನ್ನು ಕೆಳಗಿಟ್ಟಳು. ನಿನಗೆ ಸುಮ್ಮನೆ ತೊಂದರೆ ಆಯಿತು ಎಂದಳು — ನನಗೆ ಹೇಳಿದಳು ಆ ಮಾತನ್ನು. ಬಸ್ಸಿಗೆ ಹೋದಳು.

ಆಮೇಲೆ ಒಂದು ವಾರ ಶಾರದಾ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿದಳು, “ನಾನೂ ಕೇಳೀನಲ್ರೀ ಆ ದನಿ. ಹಂಗ್ಯಾಕ ಅಂದ್ರಿ?” ನಾನು ತಟ್ಟೆಯಲ್ಲೇ ಕೈ ತೊಳೆದು ಎದ್ದೆ.

ಕೆಲವು ತಿಂಗಳಾದ ಮೇಲೆ ಎರಡು ಗೋಡೆಯ ಫೋಮನ್ನು ಕಿತ್ತೆ. ಮೂಲೆಗಳಿಗೆ ಹತ್ತಿ ತುಂಬಿದ ದಪ್ಪ ಗೋಣಿ ನಿಲ್ಲಿಸಿದೆ. ಕೋಣೆ ಸರಿಹೋಯಿತು. ಅಷ್ಟು ಸುಲಭವಿತ್ತು. ಬೇರೆಯವರ ಕ್ಯಾಸೆಟ್ಟುಗಳು ಬಂದವು, ಹೆಸರೂ ಬಂತು. ನಾಳೆ ಕೋಗಳಿಗೆ ಹೋಗಬೇಕು, ಈ ವಾರ ಹೋಗಬೇಕು... ಹೋಗಲಿಲ್ಲ. ತಡವಾದಷ್ಟೂ ಹೇಳಬೇಕಾದ ಮಾತು ಭಾರವಾಯಿತು.

ಒಮ್ಮೆ ಹಗರಿಬೊಮ್ಮನಹಳ್ಳಿಯ ಮದುವೆಯೊಂದಕ್ಕೆ ಮೈಕ್ ಕಟ್ಟಲು ಹೋಗಿದ್ದೆ. ಆಕೆಯೂ ಬಂದಿದ್ದಳು. ಹೆಂಗಸರೆಲ್ಲ ಸೇರಿ ಒಂದು ಪದ ಹೇಳೆಂದು ಕಾಡಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ನನ್ನ ದನಿ ಹೋಗೇತ್ರವ್ವಾ. ಕೊಟ್ಟೂರ ತಮ್ಮ ಮಿಷನ್ನಿಗೆ ಹಾಕಿ ನೋಡ್ಯಾನ. ಮಿಷನ್ ಸುಳ್ಳ ಹೇಳತೈತೇನು?” ಎಂದು ನನ್ನ ಕಡೆ ಕೈ ತೋರಿಸಿದಳು. ಮೈಕು ನನ್ನ ಕೈಯಲ್ಲಿತ್ತು. ವೈರು ಸರಿಮಾಡುವವನ ಹಾಗೆ ಬಗ್ಗಿ ಕೂತುಬಿಟ್ಟೆ.

ವರ್ಷಗಳು ಹೋದವು. ಕ್ಯಾಸೆಟ್ಟಿನ ಕಾಲ ಮುಗಿದು ಸಿ.ಡಿ. ಬಂತು. ಒಂದು ಮಧ್ಯಾಹ್ನ ಹುಲಿಗೆಮ್ಮಕ್ಕ ತಾನೇ ಅಂಗಡಿಗೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೊಮ್ಮಗಳ ಮದುವೆ, ಮೈಕ್ ಬೇಕು ಎಂದಳು. ಆಮೇಲೆ ಸಂಕೋಚದಿಂದ ಸೇರಿಸಿದಳು: ಈಗ ಪದ ಹೇಳುವವರು ಯಾರೂ ಇಲ್ಲ, ಸೋಬಾನೆ ಪದದ್ದು ಒಳ್ಳೆಯ ಸಿ.ಡಿ. ಇದ್ದರೆ ಹಚ್ಚು.

ನನಗೆ ತಡೆಯಲಾಗಲಿಲ್ಲ. ಮನೆಗೆ, ಅದೇ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿ ಎಲ್ಲವನ್ನೂ ಹೇಳಿದೆ. ಫೋಮಿನ ವಿಷಯ, ಹಿತ್ತಲಿನಲ್ಲಿ ಕೇಳಿದ ದನಿಯ ವಿಷಯ, ಸುಳ್ಳಿನ ವಿಷಯ. ಆಕೆ ಗೋಡೆ ನೋಡುತ್ತ ಕೇಳಿದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಗಂಟಲು ಸರಿಮಾಡಿಕೊಂಡು, ಮದುಮಗಳನ್ನು ಕಳಿಸಿಕೊಡುವ ಆ ಪದವನ್ನೇ ಮೆಲ್ಲಗೆ ಎತ್ತಿದಳು. ದನಿ ಇತ್ತು. ಸ್ವಲ್ಪ ನಡುಗುತ್ತಿತ್ತು, ಆದರೆ ಇತ್ತು. ಎರಡನೆಯ ಸೊಲ್ಲಿಗೆ ನಿಂತಳು. ಮತ್ತೆ ಮೊದಲಿನಿಂದ ಎತ್ತಿದಳು. ಅಲ್ಲಿಗೇ ನಿಂತಳು. ತುಟಿ ಅಲ್ಲಾಡುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

“ದನಿ ಐತಿ ತಮ್ಮಾ,” ಎಂದಳು. “ಪದ ಹೋಗ್ಯಾವ.”

ಥಟ್ಟನೆ ಆಕೆಯ ಮುಖ ಅರಳಿತು. “ಆವತ್ತು ಹಾಡಿದ್ದು ನಿನ್ನ ಹತ್ರ ಇರಬೇಕಲ್ಲ? ಕೆಟ್ಟಿದ್ರೂ ಇರ್ಲಿ, ಅದನ್ನ ಹಚ್ಚು. ಕೇಳಿ ನೆನಪ ಮಾಡ್ಕಂತೀನಿ.”

ಇರಲಿಲ್ಲ. ಕೋಣೆಯ ಐಬು ಯಾರ ಕಿವಿಗೂ ಬೀಳಬಾರದೆಂದು ಹಾಡಿಸಿದ ವಾರವೇ ಆ ಟೇಪಿನ ಮೇಲೆ ಬೇರೆ ರೆಕಾರ್ಡಿಂಗ್ ಮಾಡಿ ಅಳಿಸಿಬಿಟ್ಟಿದ್ದೆ. ಅದನ್ನೂ ಹೇಳಿದೆ. ಆಕೆಯ ಅವ್ವನ ಪದಗಳು ಈ ಲೋಕದಲ್ಲಿ ಒಂದೇ ಕಡೆ ಉಳಿಯಬಹುದಿತ್ತು. ಅಲ್ಲಿಯೂ ಉಳಿಯದಂತೆ ಮಾಡಿದವನು ನಾನೇ ಎಂದು ಆಕೆಗೆ ನನ್ನ ಬಾಯಿಂದಲೇ ಗೊತ್ತಾಯಿತು.

ಆಕೆ ಎದ್ದಳು. ಹೋಗಲಿ ಬಿಡು ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ. ಶಾರದಾ ಚಹಾ ತಂದಳು. ಹುಲಿಗೆಮ್ಮಕ್ಕ ಬಸ್ಸಿಗೆ ಹೊತ್ತಾಯಿತು ಎಂದು ಕುಡಿಯದೆ ಹೋದಳು.

ಮದುವೆಗೆ ನಾನೇ ಹೋಗಿ ಮೈಕ್ ಕಟ್ಟಿದೆ. ಆಕೆ ಕೇಳಿದಂತೆಯೇ ಸೋಬಾನೆಯ ಸಿ.ಡಿ. ಹಚ್ಚಿದೆ — ಯಾವುದೋ ಊರಿನ, ಯಾರದೋ ದನಿ. ಹೆಂಗಸರ ನಡುವೆ ಕೂತ ಹುಲಿಗೆಮ್ಮಕ್ಕ ಗೊತ್ತಿಲ್ಲದ ಆ ಪದಕ್ಕೆ ತುಟಿ ಕೂಡಿಸಲು ನೋಡುತ್ತಿದ್ದಳು. ಆಕೆಯ ದನಿಯೇನಾದರೂ ಕೇಳುತ್ತದೇನೋ ಎಂದು ನಾನು ಮೆಲ್ಲಗೆ ಸಿ.ಡಿ.ಯ ಸದ್ದು ತಗ್ಗಿಸಿದೆ. ಆಕೆ ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿದಳು. ನಾನು ಸದ್ದನ್ನು ಮತ್ತೆ ಏರಿಸಿದೆ.