ಕೀ ಕೊಟ್ಟರೆ ಬರುವ ಅಮ್ಮ

ಪಕ್ಕದ ಮನೆಯ ಖಾಲಾ ಅವರ ಎಡಗೈ ಹೆಬ್ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾಗಿತ್ತು. ದರ್ಜಿ ಅಂಗಡಿಯಿಂದ ಅಂಗಿಗಳನ್ನು ತರಿಸಿಕೊಂಡು ಕಾಜಾ ಹೊಲಿದು ಗುಂಡಿ ಹಾಕಿಕೊಡುವುದು ಅವರ ಕೆಲಸ. ಅವರ ಮನೆಯ ಮಕ್ಕಳು ಚಿಕ್ಕಮ್ಮ ಎಂಬರ್ಥದಲ್ಲಿ ಕರೆಯುತ್ತಿದ್ದ ಖಾಲಾ ಎಂಬುದೇ ಓಣಿಗೆಲ್ಲ ಅವರ ಹೆಸರಾಗಿತ್ತು. ನನ್ನ ಮಗಳು ಮಧ್ಯಾಹ್ನ ಆ ಒರಟು ಹೆಬ್ಬೆರಳನ್ನು ಹಿಡಿದುಕೊಂಡೇ ಮಲಗುತ್ತಿದ್ದಳಂತೆ. ನಾನು ನೋಡಿದ್ದು ಭಾನುವಾರಗಳಲ್ಲಿ ಮಾತ್ರ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ತುಮಕೂರಿನ ಶಿರಾ ಗೇಟಿನ ಹತ್ತಿರ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನನ್ನ ಗಂಡ ಬೆಳಗಿನ ರೈಲಿಗೆ ಗುಬ್ಬಿಗೆ ಕೆಲಸಕ್ಕೆ ಹೋಗುತ್ತಿದ್ದರು. ನಾನು ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಫ್ಯಾನಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದೆ. ಸುತ್ತುಗಳನ್ನು ಮನಸ್ಸಿನಲ್ಲೇ ಎಣಿಸಬೇಕು. ನಡುವೆ ಮಗಳ ಮುಖ ತೇಲಿಬಂದರೆ ಎಣಿಕೆ ತಪ್ಪಿತು, ಬಿಚ್ಚಿ ಮತ್ತೆ ಸುತ್ತಬೇಕು. ಎಷ್ಟೋ ಮಧ್ಯಾಹ್ನಗಳು ಹಾಗೆ ಅರೆಕನಸಿನಲ್ಲೇ ಕಳೆದವು.

ಬೆಳಿಗ್ಗೆ ಖಾಲಾ ಮನೆಯಲ್ಲಿ ಬಿಟ್ಟು ನಾನು ಹೊರಟರೆ ಮೂರು ವರ್ಷದ ಮಗಳು ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಖಾಲಾ ಒಂದು ದಿನ ತಮ್ಮ ಹಳೆಯ ಟೈಮ್‌ಪೀಸನ್ನು ಅವಳ ಮಡಿಲಲ್ಲಿಟ್ಟರು.

"ನೀನು ಕೀ ಕೊಡು. ಕೀ ಕೊಟ್ರೆ ಮುಳ್ಳು ನಡೀತದೆ. ಚಿಕ್ಕ ಮುಳ್ಳು ಕೆಳಗಿಳಿದ್ರೆ ಅಮ್ಮ ಬರ್ತಾಳೆ."

ಅಳು ನಿಂತಿತು. ನಾನು ಬರುವುದು ಬಸ್ಸಿನಿಂದಲ್ಲ, ತಾನು ಕೊಟ್ಟ ಕೀಯಿಂದ ಎಂದು ಅವಳು ನಂಬಿಬಿಟ್ಟಳು. "ನಾನೇ ಕರ್ಕೊಂಡ್ ಬಂದೆ" ಎಂದು ಸಂಜೆ ಜಂಬ ಬೇರೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತಾಗ ನನಗೂ ಯಾವುದೋ ಪುಟ್ಟ ಕೈ ಮನೆಯತ್ತ ಎಳೆಯುತ್ತಿದೆ ಅನ್ನಿಸುತ್ತಿತ್ತು. ಆದರೆ ನಿದ್ದೆಯಲ್ಲಿ ಮಗಳು ಕನವರಿಸುತ್ತಿದ್ದದ್ದು ಖಾಲಾ ಹೆಸರನ್ನು. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಒಂದು ಸಂಜೆ ಮಾಲು ಕಳಿಸುವ ಅವಸರದಲ್ಲಿ ಸೂಪರ್‌ವೈಸರ್ ನಮ್ಮನ್ನು ಹೊತ್ತಿಗೆ ಸರಿಯಾಗಿ ಬಿಡಲಿಲ್ಲ. ಹೇಳಿಕಳಿಸೋಣವೆಂದರೆ ಓಣಿಯಲ್ಲಿ ಯಾರಿಗೂ ಫೋನಿಲ್ಲ. ಬಿಟ್ಟಾಗ ಬಸ್ಸೂ ಇರಲಿಲ್ಲ, ನಡೆದೇ ಹೊರಟೆ. ಬಿಸಿಲು ಕರಗಿ ಹೆದ್ದಾರಿಯ ಧೂಳೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಆ ಧೂಳಿನೊಳಗಿಂದ ಒಂದು ಕಪ್ಪು ಬುರ್ಖಾ, ಪಕ್ಕದಲ್ಲಿ ಒಂದು ಕೆಂಪು ಲಂಗ ನಿಧಾನವಾಗಿ ಮೂಡಿ ಬಂದವು. ಓಣಿಯ ನಲ್ಲಿಯಿಂದಾಚೆ ಒಬ್ಬರೇ ಹೋದವರಲ್ಲ ಖಾಲಾ!

ನಾನು ಬರಲಿಲ್ಲವೆಂದು ಮಗಳು ಕೀ ತಿರುಗಿಸಿದ್ದೇ ತಿರುಗಿಸಿದ್ದು. ಒಳಗಿನ ಸ್ಪ್ರಿಂಗ್ ಕಡಿದು ಮುಳ್ಳು ನಿಂತುಹೋಯಿತು. ಇನ್ನು ಅಮ್ಮ ಬರುವುದೇ ಇಲ್ಲವೆಂದು ಉಸಿರು ಕಟ್ಟುವಷ್ಟು ಅತ್ತಳಂತೆ.

"ಇನ್ನೇನ್ ಮಾಡ್ಲಿ? ಮುಳ್ಳು ನಡೀದಿದ್ರೆ ಹೋಗ್ಲಿ ಬುಡು, ನಾವೇ ನಡೆಯಣ ಬಾ ಅಂದೆ," ಖಾಲಾ ಏದುಸಿರು ಬಿಡುತ್ತಿದ್ದರು.

ಮಗಳನ್ನು ತಬ್ಬಿಕೊಂಡು ರಸ್ತೆಬದಿಯಲ್ಲೇ ಕುಳಿತು ಅತ್ತೆ. ನಾಳೆಯಿಂದ ಕೆಲಸಕ್ಕೆ ಹೋಗುವುದಿಲ್ಲ ಅಂದೆ. ಖಾಲಾಗೆ ಸಿಟ್ಟು ಬಂತು.

"ಎಂಥ ಹುಚ್ಚಿ ಕಣೇ ನೀನು! ನಾನು ಹೊಸ್ತಿಲು ಕಾಯ್ಕೊಂಡೇ ಮುದುಕಿ ಆದೆ. ಈ ರಸ್ತೆ ಇಷ್ಟುದ್ದ ಐತೆ ಅಂತ ನಂಗೆ ಇವತ್ ಗೊತ್ತಾಯ್ತು. ಇವ್ಳೂ ಹಂಗೇ ಆಗ್ಬೇಕಾ? ಮಗು ನಾನ್ ನೋಡ್ಕೋತೀನಿ, ನೀನು ಹೋಗು."

ಮರುದಿನ ಹೋದೆ. ಮಗಳು ಅಳಲಿಲ್ಲ. ಅಮ್ಮ ಬರದಿದ್ದರೆ ನಡೆದು ಹೋಗಿ ಕರೆತರಬಹುದೆಂದು ಅವಳಿಗೆ ಗೊತ್ತಾಗಿತ್ತು. ಕೆಲಸ ಬಿಡುವ ಮಾತನ್ನು ನಾನು ಮತ್ತೆಂದೂ ಆಡಲಿಲ್ಲ.

ದಶಕದ ಕೊನೆಯ ಹೊತ್ತಿಗೆ ನಮ್ಮ ಓಣಿಯ ಅಂಗಡಿಗೂ ಫೋನು ಬಂದಿತ್ತು. ಅಲ್ಲಿಂದ ಮಗಳು ಕಾರ್ಖಾನೆಗೆ ಮಾಡಿದ ಮೊದಲ ಕರೆ ಖಾಲಾ ತೀರಿಕೊಂಡ ಸುದ್ದಿ. ರಜೆ ಚೀಟಿ ಬರೆದುಕೊಟ್ಟೆ. ಸೂಪರ್‌ವೈಸರ್ ಎರಡೆರಡು ಸಲ ಓದಿದರು.

"ತಾಯಿ ತೀರ್ಕೊಂಡ್ರು ಅಂತ ಬರ್ದಿದೀರಲ್ಲಮ್ಮ. ನಿಮ್ ತಾಯಿ ಹೋದ್ ವರ್ಷಾನೇ ಹೋದ್ರಲ್ವಾ?"

"ಇವ್ರು ನನ್ ಮಗಳ ತಾಯಿ ಸಾರ್," ಅಂದೆ.

ಅವರು ಚೀಟಿಗೆ ಸಹಿ ಹಾಕಿದರು.