ಸಾಂಬಾರು ಬಂತು, ಇಡ್ಲಿ ಬರಲಿಲ್ಲ

ಮೊದಲು ಒಂದು ಪ್ರಶ್ನೆಗೆ ನೇರವಾಗಿ ಉತ್ತರಿಸಿ: ಕನಸು ಕಾಣುವವನು ದೊಡ್ಡವನೋ, ಇಡ್ಲಿ ತರುವವನು ದೊಡ್ಡವನೋ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿಯೂ ವಿರೋಧವಾಗಿಯೂ ವಾದಿಸಿ ಎರಡೂ ಬಗೆಯ ಪಾರಿತೋಷಕಗಳನ್ನು ಮನೆಗೆ ತಂದವನು ನಾನು. ಆದರೂ ಕಳೆದ ಭಾನುವಾರ ನಾಸಿಕದಲ್ಲಿ ಈ ಪ್ರಶ್ನೆ ನನ್ನನ್ನು ಬೀದಿಗೆ ಓಡಿಸಿತು.

ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ನಾನು ಅಧ್ಯಕ್ಷನಾದದ್ದು ಒಂದೇ ಒಂದು ಭಾಷಣದ ಬಲದಿಂದ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಆದ್ದರಿಂದ ಭಾನುವಾರದ ಕನ್ನಡ ತರಗತಿ ಆಗಲೇಬೇಕೆಂದು ಗುಡುಗಿದೆ. ಅದರ ದರ್ಶನ, ಧ್ಯೇಯ, ಧೋರಣೆಗಳನ್ನು ವಿವರಿಸಿ ಮುಗಿಸುವಷ್ಟರಲ್ಲಿ ಸಭೆಯ ಕಾಫಿ ಆರಿಹೋಗಿತ್ತು. ಮಕ್ಕಳನ್ನು ಸೆಳೆಯಲು ಉಪಾಹಾರವಿರಲಿ ಎಂದು ಯಾರೋ ಸೂಚಿಸಿದಾಗ, ಅಂಥ ಕ್ಷುದ್ರ ವಿವರಕ್ಕೆ ಇಳಿಯದೆ, "ಎಲ್ಲರೂ ಕೈಜೋಡಿಸಿ" ಎಂದೆ. ಎಲ್ಲರೂ ಕೈಜೋಡಿಸಿ, ನಮಸ್ಕರಿಸಿ, ಮನೆಗೆ ಹೋದರು.

ಪಣವೇನೂ ಸಣ್ಣದಿರಲಿಲ್ಲ. ಮೊದಲ ತರಗತಿಯನ್ನು ನೋಡಲು ಛತ್ರಪತಿ ಸಂಭಾಜಿನಗರದ ಕನ್ನಡಿಗ ಗೆಳೆಯರು ಬರುವವರಿದ್ದರು. ಮಕ್ಕಳು ನಿಂತರೆ, ತಮ್ಮೂರ ಬಳಿಯ ಬಿಡಕಿನ್ನಿನ ಹೊಸ ಕಾರ್ಖಾನೆಗಳಿಗೆ ಬೀದರಿನಿಂದ ಬಂದ ಕುಟುಂಬಗಳಿಗಾಗಿ ಅವರೂ ಒಂದು ತರಗತಿ ತೆರೆಯುವರು. ಮಕ್ಕಳು ಓಡಿಹೋದರೆ ಅವರದೂ ಇಲ್ಲ, ನಮ್ಮದೂ ಇಲ್ಲ.

ಭಾನುವಾರ ಬೆಳಗ್ಗೆ ಸಭಾಭವನಕ್ಕೆ ಡಬ್ಬಗಳ ಮೆರವಣಿಗೆ ಬಂತು. ಸಂಘದ ಅರ್ಧದಷ್ಟು ಸದಸ್ಯರು ಕರಾವಳಿಯ ಹೋಟೆಲು ಮಾಲೀಕರಲ್ಲವೇ! ಆದರೆ ಯಾವ ಮುಚ್ಚಳ ತೆರೆದರೂ ಸಾಂಬಾರು. ಒಂದರಲ್ಲಿ ನುಗ್ಗೆ, ಒಂದರಲ್ಲಿ ಕುಂಬಳ, ಒಂದರಲ್ಲಿ ಶುದ್ಧ ಆತ್ಮವಿಶ್ವಾಸ. ಇಡ್ಲಿ ಒಂದೂ ಇಲ್ಲ.

"ರಾಯರು ಹಿರಿಯರು. ಅವರಿರುವಾಗ ನಾವು ಇಡ್ಲಿ ತರುವುದು ಹೇಗೆ ಮಾರಾಯ್ರೆ?" ಎಂದರು ಶೆಟ್ಟರು. ಇಡ್ಲಿಯ ಗೌರವ ರಾಯರಂಥ ಹಿರಿಯ ಹೋಟೆಲಿನವರಿಗೆ ಸಲ್ಲಬೇಕು, ಉಳಿದವರು ಸಾಂಬಾರಿನಲ್ಲಿ ವಿನಯ ತೋರಬೇಕು ಎಂಬುದು ನಮ್ಮಲ್ಲಿನ ವಾಡಿಕೆ.

"ಈ ಸಲ ಕಿರಿಯರಿಗೆ ಬಿಟ್ಟುಕೊಡುವ ಅಂತ ನಾನೂ ಸಾಂಬಾರೇ ತಂದೆ" ಎಂದು ರಾಯರು ಉದಾರವಾಗಿ ನಕ್ಕರು.

ವಿನಯ, ಔದಾರ್ಯ, ಆದರ್ಶ ಎಲ್ಲವೂ ತುಂಬಿ ತುಳುಕುತ್ತಿದ್ದವು. ಅದ್ದಿಕೊಂಡು ತಿನ್ನಲು ಮಾತ್ರ ಏನೂ ಇರಲಿಲ್ಲ.

ಸಂಘದ ಕಾರ್ಯದರ್ಶಿ, ವಿಮಾ ಕಚೇರಿಯಲ್ಲಿ ದುಡಿಯುವ ಕಲಬುರಗಿಯ ಶಾಂತಾಬಾಯಿಯವರು ಸೊಂಟದ ಮೇಲೆ ಕೈಯಿಟ್ಟರು. "ಏನ್ರಿ ಅಧ್ಯಕ್ಷರ, ಗೋದಾವರಿ ಬಿಟ್ಟು ಮಕ್ಕಳಿಗೆ ಸಾಂಬಾರದಾಗ ಈಸಾಕ ಕಲಿಸ್ತೀರೇನ್ರಿ?"

ಮಕ್ಕಳು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಅತಿಥಿಗಳು ಪರಸ್ಪರ ಮುಖ ನೋಡಿಕೊಂಡರು. ನಾನು ಅಭ್ಯಾಸಬಲದಿಂದ, "ಮಿತ್ರರೇ, ಅಭಾವವೆಂಬುದು..." ಎಂದು ಆರಂಭಿಸಿದೆ.

"ಭಾಷಣ ಆಮ್ಯಾಲ! ಮೊದಲ ಎದುರಿನ ಬೇಕರಿಯಿಂದ ಪಾವ್ ತರ್ರಿ!" ಎಂದು ಶಾಂತಾಬಾಯಿಯವರು ತಡೆದರು.

ಅಧ್ಯಕ್ಷ ಮಹಾಶಯನೇ ಓಡಿದ. ಮಿಸಳ್ ಎಂಬ ಖಾರದ ಕಾಳಿನ ಸಾರಿಗೆ ಪಾವ್ ಅದ್ದಿ ತಿಂದು ಬೆಳೆದ ಮಕ್ಕಳಿಗೆ ಸಾಂಬಾರಿನಲ್ಲಿ ಅದ್ದುವುದಕ್ಕೆ ಯಾವ ಉಪದೇಶವೂ ಬೇಕಾಗಲಿಲ್ಲ. ರಾಯರ ಮೊಮ್ಮಗಳು ಖಾಲಿ ತಟ್ಟೆ ಚಾಚಿ, "ಕಾಕೂ, ಅಜೂನ್ ದ್ಯಾ ನಾ" ಎಂದು ಮರಾಠಿಯಲ್ಲೇ ಇನ್ನೊಂದು ಕೇಳಿದಳು. ಶಾಂತಾಬಾಯಿಯವರು ಪಾವನ್ನು ಮೇಲೆತ್ತಿ ಹಿಡಿದರು.

"ಕನ್ನಡದಾಗ ಕೇಳು."

"ನಂಗೆ... ಇನ್ನೊಂದು... ಕೊಡಿ."

ರಾಯರ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮೊಮ್ಮಗಳ ಬಾಯಲ್ಲಿ ಇಡೀ ಒಂದು ಕನ್ನಡ ವಾಕ್ಯವನ್ನು ಅವರು ಕೇಳಿದ್ದು ಅದೇ ಮೊದಲು. ಅವಳ ಹಿಂದೆ ಸಾಲು ಬೆಳೆಯಿತು. ಕ್ರಿಯಾಪದಗಳು ಎಡವಿದವು, ಪಾವ್‌ಗಳು ಕರಗಿದವು, ಚಪ್ಪಲಿಗಳು ಬಾಗಿಲಲ್ಲೇ ಉಳಿದವು.

"ನಾವೂ ಸುರು ಮಾಡ್ತೀವ್ರಿ," ಎಂದರು ಸಂಭಾಜಿನಗರದ ಅತಿಥಿಗಳು, "ಆದ್ರ ಪಾವ್ ಯಾರು ತರೋರು ಅಂತ ಮೊದಲ ಗೊತ್ತು ಮಾಡ್ಕೋತೀವಿ."

ನನ್ನ ಭಾಷಣವಿಲ್ಲದಿದ್ದರೆ ಆ ಮಕ್ಕಳು ಅಲ್ಲಿಗೆ ಬರುತ್ತಿರಲಿಲ್ಲ ಎಂದು ಇಂದಿಗೂ ವಾದಿಸಬಲ್ಲೆ. ಅದರಿಂದಲೇ ಅವರು ಅಲ್ಲಿ ನಿಂತರೆಂದು ವಾದಿಸುವ ಧೈರ್ಯ ಮಾತ್ರ ನನಗಿಲ್ಲ. ಕನಸಿಗೆ ದೊಡ್ಡ ಗಂಟಲು ಸಾಲದು. ಯಾವ ಕೆಲಸ ಯಾರದೆಂದು ಹೆಸರು ಹಿಡಿದು ಹೇಳುವ ಸಣ್ಣ ನಾಚಿಕೆಗೇಡಿತನವೂ ಬೇಕು.

ಆದ್ದರಿಂದ ಓದುಗರೇ, ಬರುವ ಭಾನುವಾರ ನೀವೂ ಬನ್ನಿ. ಏನು ತರುವಿರೆಂದು ಶುಕ್ರವಾರದೊಳಗೆ ಶಾಂತಾಬಾಯಿಯವರಿಗೆ ತಿಳಿಸಿ. ದಯವಿಟ್ಟು, ಸಾಂಬಾರು ಎನ್ನಬೇಡಿ.